ಮೂರು ಸಲ ತುಳಿಯುವ ಬ್ರೇಕು

ನನ್ನ ಕೆಲಸ ಫೋನಿನಲ್ಲಿ. ಬಟ್ಟೆ ಒಗೆಯುವ ಯಂತ್ರ ಕೆಟ್ಟಿದೆ ಎಂದು ಜನ ಕರೆ ಮಾಡುತ್ತಾರೆ; ನಾನು "ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ ಮೇಡಂ" ಎನ್ನುತ್ತೇನೆ. ನಾಲ್ಕು ವರ್ಷದಿಂದ ಇದನ್ನೇ ಹೇಳಿ ಸಂಬಳ ಎಣಿಸುತ್ತಿದ್ದೇನೆ. ಅಂಥ ಒಂದು ಯಂತ್ರದ ಹೊಟ್ಟೆ ಬಿಚ್ಚಿ ನೋಡಿದವನಲ್ಲ. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ಆದರೂ ಮನೆಯಲ್ಲಿ ಯಂತ್ರದ ಮಾತು ಬಂದರೆ ಮೊದಲು ಬಾಯಿ ಹಾಕುವವನು ನಾನೇ. ನನ್ನನ್ನು ಅರ್ಧ ತುಂಬಿದ ಕೊಡ ಎಂದರೆ ಕೊಡಕ್ಕೆ ಅವಮಾನ. ಅದರಲ್ಲಿ ಅರ್ಧವಾದರೂ ನೀರಿರುತ್ತದೆ.

ದೊಡ್ಡಪ್ಪನ ವಿಷಯ ಬೇರೆ. ಮೂವತ್ತೊಂದು ವರ್ಷ ಬೇಕರಿಯ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕಿದವರು, ಬೀದಿಗೆಲ್ಲ ಬ್ರೆಡ್ಡಣ್ಣ. ಬೇಕರಿ ಮುಚ್ಚಿದಾಗ ಗುಜರಿಯವನೂ ಮೂಗು ಮುರಿದ ವ್ಯಾನನ್ನು ಇವರು ಹೆಣ್ಣು ತರುವಷ್ಟು ಸಂಭ್ರಮದಿಂದ ಮನೆಗೆ ತಂದರು. ಅದರ ಬಾಗಿಲನ್ನು ಮೊಣಕಾಲಿನಿಂದ ಎತ್ತಿಕೊಟ್ಟರೆ ಮಾತ್ರ ಮುಚ್ಚುತ್ತದೆ. ವೈಪರ್ ಹಾಕದೆ ಹಾರ್ನ್ ಕೂಗುವುದಿಲ್ಲ. ಹಾಗಾಗಿ ಸುಡುಬಿಸಿಲಲ್ಲೂ ದೊಡ್ಡಪ್ಪ ಯಾರನ್ನಾದರೂ ಪಕ್ಕಕ್ಕೆ ಸರಿಸಬೇಕಾದರೆ ಮೊದಲು ಗಾಜು ಒರೆಸುತ್ತಾರೆ. ಬ್ರೇಕನ್ನು ಮೂರು ಸಲ ಬಲವಾಗಿ ತುಳಿಯಬೇಕು. ಮೊದಲೆರಡು ಅದನ್ನು ನಿದ್ದೆಯಿಂದ ಎಬ್ಬಿಸುವುದಕ್ಕೆ. ಮೂರನೆಯದಕ್ಕೆ ವ್ಯಾನು ನಿಲ್ಲುವ ಬಗ್ಗೆ ಯೋಚನೆ ಮಾಡುತ್ತದೆ.

"ಇಷ್ಟು ವರ್ಷದಲ್ಲಿ ಒಂದು ಬೆಕ್ಕಿಗೂ ತಾಗಿಸಿಲ್ಲ" ಎಂಬುದು ದೊಡ್ಡಪ್ಪನ ಹೆಮ್ಮೆ. ಆ ವೇಗಕ್ಕೆ ಬೆಕ್ಕೇ ಬಂದು ತಾಗಿಸಿಕೊಳ್ಳಬೇಕಿತ್ತು.

ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹೆಚ್ಚು ಹೊತ್ತು ಕೂರಲಾರರು. ಐನೂರು ಕಿಲೋಮೀಟರ್ ಆಚೆಯ ತಂಗಿಯನ್ನು ನೋಡಿ ಒಂಬತ್ತು ವರ್ಷ. ಇಷ್ಟು ದಿನ ಫೋನಾದರೂ ಇತ್ತು. ಈಗ ಆ ತಂಗಿಗೆ ಕಿವಿ ಪೂರ್ತಿ ಹೋಗಿದೆ.

"ಗೋಡೆ ಜೊತೆ ಮಾತಾಡ್ದಂಗೆ ಆಗುತ್ತೆ ಕಣೋ. ಒಂದ್ಸಲ ಅವಳ ಮುಖ ತೋರ್ಸು" ಎಂದು ಅಜ್ಜಿ ಕೇಳಿದರು.

"ಮುಂದಿನ ವಾರ ಶನಿವಾರ ಹೊರಡೋಣಮ್ಮ, ನಮ್ಮ ವ್ಯಾನಲ್ಲೇ. ಹಾಸಿಗೆ ಹಾಕ್ತೀನಿ, ಮಲ್ಕೊಂಡೇ ಬಾ" ಎಂದರು ದೊಡ್ಡಪ್ಪ.

ಸುಮ್ಮನಿರಲಾರದವನು ಇರುವೆ ಬಿಟ್ಟುಕೊಂಡನಂತೆ. "ಆ ಡಬ್ಬಾದಲ್ಲಿ ಅಜ್ಜೀನ ಹೇಗೆ ಕರ್ಕೊಂಡು ಹೋಗ್ತೀರ ದೊಡ್ಡಪ್ಪ? ನಾನು ಎಲ್ಲ ಸರಿ ಮಾಡಿಸ್ತೀನಿ" ಎಂದೆ. ಸಂಬಳದವನ ಮಾತಿಗೆ ಮನೆಯಲ್ಲಿ ಇರಬಾರದಷ್ಟು ಬೆಲೆ.

ಮೆಕ್ಯಾನಿಕ್ ವ್ಯಾನಿನ ಅಡಿಗೆ ನುಸುಳಿ ಹೊರಬಂದು, ಹೆಣ ನೋಡಿದ ಡಾಕ್ಟರರಂತೆ ಕೈ ಒರೆಸಿಕೊಂಡ. "ಇದನ್ನ ಓಡಿಸ್ತಿದ್ದೋರು ಯಾರು ಸಾರ್? ಬದುಕಿದ್ದಾರಾ?" ಎಂದ. ನಾಲ್ಕು ದಿನದಲ್ಲಿ ಬ್ರೇಕು, ಬಾಗಿಲು, ಹಾರ್ನು ಎಲ್ಲ ಹೊಸದಾದವು. ನಾನು ಪಕ್ಕದಲ್ಲಿ ನಿಂತು ಅರ್ಥವಾದವನಂತೆ ತಲೆಯಾಡಿಸಿದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಮಂಗಳವಾರ ಸಂಜೆ ಪರೀಕ್ಷೆ. ಹಿಂದೆ ಹಾಸಿಗೆ ಹಾಸಿ, ಅದರ ಮೇಲೆ ಅಜ್ಜಿಯ ತೂಕಕ್ಕೆ ಸರಿಯಾಗಿ ಒಂದು ಮರಳಿನ ಮೂಟೆ ಮಲಗಿಸಿದೆವು. ದೊಡ್ಡಪ್ಪ ಬಾಗಿಲನ್ನು ಅಭ್ಯಾಸದಂತೆ ಮೊಣಕಾಲಿನಿಂದ ಎತ್ತಿದರು. ಅದು ಮುಖಕ್ಕೆ ಹೊಡೆದಂತೆ ಮುಚ್ಚಿಕೊಂಡಿತು. ಶಾಲೆಯ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ದೊಡ್ಡಪ್ಪ ವೈಪರ್ ಹಾಕಿ, ಹಾರ್ನ್ ಒತ್ತಿ, ಬ್ರೇಕನ್ನು ಮೂರು ಸಲ ತುಳಿಯಲು ಹೊರಟರು. ಮೊದಲನೆಯದಕ್ಕೇ ವ್ಯಾನು ನೆಲ ಕಚ್ಚಿ ನಿಂತಿತು. ನನ್ನ ಹಣೆ ಗಾಜಿಗೆ ಬಡಿಯಿತು. ಮೂಟೆ ಹಾಸಿಗೆ ಬಿಟ್ಟು ಹಾರಿಬಂದು ನಮ್ಮಿಬ್ಬರ ನಡುವೆ ಬಿದ್ದು ಬಾಯಿ ಬಿಟ್ಟಿತು.

ನಾನು ನಕ್ಕೆ. ದೊಡ್ಡಪ್ಪ ನಗಲಿಲ್ಲ. ಸುರಿಯುತ್ತಿದ್ದ ಮರಳನ್ನು ನೋಡುತ್ತಾ, "ಅದು ನಮ್ಮಮ್ಮ ಕಣೋ" ಎಂದರು.

ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದೆವು.

"ಹಳೇ ಬ್ರೇಕೇ ಹಾಕ್ಕೊಡಪ್ಪ" ಎಂದರು ದೊಡ್ಡಪ್ಪ.

"ಏನು? ಕೆಟ್ಟಿರೋದಾ?"

"ನನ್ನ ಕಾಲಿಗೆ ಅದೇ ಗೊತ್ತಿರೋದು."

"ಯಜಮಾನ್ರೇ, ಸರಿ ಮಾಡ್ಕೊಡಿ ಅಂತ ಬರೋರನ್ನ ನೋಡಿದೀನಿ. ಕೆಡಿಸ್ಕೊಡಿ ಅಂತ ಬಂದೋರು ನೀವೇ ಮೊದಲು. ಬ್ರೇಕಿಗೇನೂ ಆಗಿಲ್ಲ. ನಿಮ್ಮ ಕಾಲು ರಿಪೇರಿ ಮಾಡ್ಸಿ" ಎಂದವನು ನನ್ನ ಕಡೆ ತಿರುಗಿ, "ನೀವು ಓದಿದೋರಲ್ವಾ, ನೀವು ಓಡ್ಸಿ" ಎಂದ. ನಾನು ತುಂಬ ಆಸಕ್ತಿಯಿಂದ ಟೈರ್ ನೋಡತೊಡಗಿದೆ.

ದಾರಿಯಲ್ಲಿ ದೊಡ್ಡಪ್ಪ, "ಹೋಗೋದು ಬೇಡ ಅಂತ ಅಮ್ಮಂಗೆ ನೀನೇ ಹೇಳು" ಎಂದರು. ಮನೆಗೆ ಬಂದರೆ ಅಜ್ಜಿ ಆಗಲೇ ಮೂರು ಸೀರೆ ಮಡಚಿ ಚೀಲಕ್ಕೆ ತುಂಬಿಟ್ಟು ಕಾಯುತ್ತಿದ್ದರು. ಸಾವಿರ ಜನಕ್ಕೆ ಪ್ಲಗ್ ಕೀಳಿಸಿದ ನನ್ನ ನಾಲಿಗೆ ಏಳಲಿಲ್ಲ.

ಗುರುವಾರ ರಜೆ ಹಾಕಿದೆ. ಊರಾಚೆಯ ಖಾಲಿ ಮೈದಾನದಲ್ಲಿ ಮತ್ತೆ ಮೂಟೆ ಹೊಲಿದು ಮಲಗಿಸಿ, ನಾನು ಪಕ್ಕದಲ್ಲಿ ಕೂತು, ದೊಡ್ಡಪ್ಪ ಕಾಲೆತ್ತಿದಾಗಲೆಲ್ಲ "ಒಂದೇ, ಮೆಲ್ಲಗೆ" ಎನ್ನುವುದು. ಬೆಳಿಗ್ಗೆ ಮೂಟೆ ಹನ್ನೊಂದು ಸಲ ಮುಂದಕ್ಕೆ ಬಂತು.

"ಬಾಯ್ಮುಚ್ಚೋ, ನೀನು ಹುಟ್ಟೋ ಮುಂಚೆ ಸ್ಟೀರಿಂಗ್ ಹಿಡ್ದೋನು ನಾನು."

"ಹಿಡ್ದಿದ್ದು ಕೈ ದೊಡ್ಡಪ್ಪ. ಈಗ ತೊಂದ್ರೆ ಇರೋದು ಕಾಲಲ್ಲಿ."

ಮಧ್ಯಾಹ್ನದ ಹೊತ್ತಿಗೆ ಐದು ಸಲ. ಶುಕ್ರವಾರ ಸಂಜೆ ಮೂಟೆ ಹಾಸಿಗೆ ಬಿಟ್ಟು ಅಲುಗಲಿಲ್ಲ. ಅರವತ್ತಾರರ ಮನುಷ್ಯ ಎರಡು ದಿನದಲ್ಲಿ ಮೂವತ್ತೊಂದು ವರ್ಷ ಮರೆತರು. ನಾನು ಎರಡು ವರ್ಷದಲ್ಲಿ ಒಂದು ಲೈಸೆನ್ಸ್ ಪಡೆದಿಲ್ಲ.

ಶನಿವಾರ ಬೆಳಿಗ್ಗೆ ಅಜ್ಜಿಯನ್ನು ಎತ್ತಿ ಮಲಗಿಸಿದೆವು. "ಇದ್ಯಾವನೋ ನನ್ನ ಹಾಸಿಗೇಲಿ ಮಲಗಿದ್ದೋನು? ಬರೀ ಮರಳು!" ಎಂದು ಬೈದರು. ಐನೂರು ಕಿಲೋಮೀಟರ್ ನಾನು "ಒಂದೇ, ಮೆಲ್ಲಗೆ" ಎಂದು ಜಪಿಸುತ್ತಾ ಕೂತೆ. ನನ್ನ ವಿದ್ಯೆಗೆ ತಕ್ಕ ಕೆಲಸ. ಅರ್ಧ ದಾರಿಯಾದ ಮೇಲೆ ಅದೂ ಬೇಕಿರಲಿಲ್ಲ; ಸುಮ್ಮನಿರಲು ಮರ್ಯಾದೆ ಅಡ್ಡ ಬಂತು, ಹೇಳುತ್ತಲೇ ಇದ್ದೆ.

ಸಂಜೆ ಅಜ್ಜಿಯ ತಂಗಿಯ ಮನೆಯ ಗೇಟಿನ ಮುಂದೆ ವ್ಯಾನು ಎಷ್ಟು ಮೆಲ್ಲಗೆ ನಿಂತಿತೆಂದರೆ, ಹಿಂದಿನಿಂದ ಅಜ್ಜಿ ಗಾಬರಿಯಿಂದ ಕೇಳಿದರು:

"ಯಾಕೋ, ಕೆಟ್ಟು ನಿಂತ್ತಾ?"

"ಇಲ್ಲಮ್ಮ" ಎಂದರು ದೊಡ್ಡಪ್ಪ, ಕಾಲನ್ನು ಬ್ರೇಕಿನ ಮೇಲಿಂದ ತೆಗೆಯದೆ. "ಬಂದ್ವಿ."