ಗೋಣಿ ಹೊದ್ದ ಕುಂಡಗಳು

ನಿನ್ನೆ ಜಿದ್ದಾದ ತರಕಾರಿ ಮಾರುಕಟ್ಟೆಯಿಂದ ನನ್ನವರು ಈರುಳ್ಳಿಯನ್ನು ಗೋಣಿಯ ಸಮೇತ ಹೊತ್ತು ತಂದರು. ಅಡುಗೆಮನೆಯಲ್ಲಿ ಅದರ ಬಾಯಿ ಬಿಚ್ಚಿದಾಗ ಬಂತು ನೋಡಿ, ತೇವ ಹಿಡಿದ ಗೋಣಿಯ ಆ ವಾಸನೆ. ಈರುಳ್ಳಿ ಅಲ್ಲೇ ಉಳಿಯಿತು. ನಾನು ಮನಸ್ಸಿನಲ್ಲೇ ಹಾಯಿಲ್‌ಗೆ ಹೋಗಿಬಿಟ್ಟೆ.

ಹಾಯಿಲ್ ಇರುವುದು ಇದೇ ಅರಬರ ದೇಶದ ಉತ್ತರದಲ್ಲಿ. ಮದುವೆಯಾದ ಹೊಸದರಲ್ಲಿ ಬಂಟ್ವಾಳದಿಂದ ಅಲ್ಲಿಗೆ ಹೊರಟಾಗ, ಮರುಭೂಮಿಯಲ್ಲಿ ಎಂತ ಚಳಿ ಎಂದು ಪೆಟ್ಟಿಗೆ ತುಂಬ ತೆಳು ಹತ್ತಿಯ ಬಟ್ಟೆಗಳನ್ನೇ ತುಂಬಿಕೊಂಡಿದ್ದೆ. ಮೊದಲ ಚಳಿಗಾಲವನ್ನು ಗಂಡನ ಸ್ವೆಟರಿನೊಳಗೆ ಕಳೆದೆ. ಅದರ ತೋಳಿನಲ್ಲಿ ನನ್ನ ಕೈ ಹುಡುಕಬೇಕಾಗಿತ್ತು. ನೀವು ನಗಬಹುದು, ಕೆಳಗಿನ ಮನೆಯ ಝುಲೇಖಾ ಆಪಾ ಕೂಡ ನಕ್ಕಿದ್ದರು.

"ನಾನು ಹೂವಿನ ಚಟ್ಟಿಗಳಿಗೇ ಗೋಣಿ ಹೊದಿಸಿದ್ದೇನೆ. ನೀನು ಹೀಗೆ ತಿರುಗ್ತಿಯಲ್ಲ ಮಾರಾಯ್ತಿ!"

ಆಪಾ ಭಟ್ಕಳದವರು. ಅವರ ಗಂಡ ಇಸ್ಮಾಯಿಲ್ ಸಾಹೇಬರು ಹರೆಯದಲ್ಲೇ ಬಂದು ಹಾಯಿಲ್‌ನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ. ಹಾಗಾಗಿ ನಮ್ಮ ಸುಖದುಃಖವೆಲ್ಲ ಕನ್ನಡದಲ್ಲಿ. ಅಂಗಳದಲ್ಲಿ ಸೊಂಟದೆತ್ತರದ ಮಣ್ಣಿನ ಕುಂಡಗಳಿದ್ದವು. ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಕರಿಬೇವು, ಎಲ್ಲಕ್ಕಿಂತ ದೊಡ್ಡದರಲ್ಲಿ ಲಿಂಬೆ. ಒಳಗೆ ಹೊತ್ತೊಯ್ಯಲಾಗದಷ್ಟು ಭಾರ. ಚಳಿ ಬಿತ್ತೆಂದರೆ ಆಪಾ ನೀರು ಕಡಿಮೆ ಮಾಡಿ, ಕುಂಡಗಳ ಹೊಟ್ಟೆಗೆ ಗೋಣಿ ಸುತ್ತಿ, ಮೇಲೆ ಹಳೆಯ ಕಂಬಳಿ ಕಟ್ಟುತ್ತಿದ್ದರು. ಒದ್ದೆ ಮಣ್ಣು ಹೆಪ್ಪುಗಟ್ಟಿದರೆ ಉಬ್ಬಿ ಕುಂಡವನ್ನೇ ಸೀಳುತ್ತದಂತೆ.

ಆ ಕೆಲಸಕ್ಕೆ ನಾನೂ ಕೈ ಜೋಡಿಸತೊಡಗಿದ ವರ್ಷವೇ ಸಾಹೇಬರಿಗೆ ಮರೆವು ಶುರುವಾದದ್ದು. ನಾವು ಗೋಣಿ ಕಟ್ಟಿ ಒಳಗೆ ಬಂದರೆ ಅವರು ಮೆಲ್ಲಗೆ ಹೋಗಿ ಬಿಚ್ಚುತ್ತಿದ್ದರು. "ಗಿಡಕ್ಕೆ ಸೆಕೆ ಆಗ್ತದೆ" ಎನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಆಗ ಭಟ್ಕಳದ ಬೇಸಿಗೆ. ಆಪಾ ಮತ್ತೆ ಕಟ್ಟುತ್ತಿದ್ದರು.

ಭಟ್ಕಳದಿಂದ ಅವರ ಮಗಳು ಫೋನು ಮಾಡಿ, ಅಪ್ಪನನ್ನು ಕರೆದುಕೊಂಡು ಬಾ ಎಂದು ಅಳುತ್ತಿದ್ದಳು.

"ಇಲ್ಲಾದರೆ ಮನೆಯಿಂದ ಮಸೀದಿಗೆ ಒಬ್ಬರೇ ಹೋಗಿ ಬರ್ತಾರೆ. ಊರಲ್ಲಿ ಇವರಿಗೆ ಯಾವ ದಾರಿ ನೆನಪುಂಟು, ಹೇಳು?" ಎಂದು ಆಪಾ ನನ್ನನ್ನೇ ಕೇಳಿದ್ದರು.

ಒಂದು ಬೆಳಿಗ್ಗೆ ನಾನು ಕೆಳಗಿಳಿದಾಗ ದೊಡ್ಡ ಕುಂಡ ಬಾಯಿಂದ ಬುಡದವರೆಗೆ ಸೀಳಿತ್ತು. ಹಿಂದಿನ ಸಂಜೆ ಸಾಹೇಬರು ಕಂಬಳಿ ತೆಗೆದು, ತುಂಬಿ ಹರಿಯುವಷ್ಟು ನೀರು ಹಾಕಿದ್ದರು. ಈಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಗಳಿಂದ ಬಿರುಕನ್ನು ಒತ್ತಿ ಹಿಡಿದಿದ್ದರು.

"ಇದನ್ನು ಯಾರು ಒಡೆದದ್ದು, ಮಗಳೇ?"

ನನ್ನ ಹಿಂದೆಯೇ ಬಂದ ಆಪಾ ಅವರ ಕೈಗಳನ್ನು ಕುಂಡದಿಂದ ಬಿಡಿಸಿ, ತಮ್ಮ ದುಪಟ್ಟಾದಲ್ಲಿ ಒರೆಸಿದರು.

"ಚಳಿ ಒಡೆದದ್ದು. ನೀವು ಒಳಗೆ ಬನ್ನಿ, ಚಾ ಮಾಡಿದ್ದೇನೆ."

ಆ ಚಳಿಗಾಲ ಮುಗಿಯುವ ಮೊದಲೇ ಕಫ ಕಟ್ಟಿ, ಜ್ವರ ಏರಿ ಸಾಹೇಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಯಿಲ್‌ನ ಹೊರಗಿನ ಖಬರಸ್ಥಾನದಲ್ಲಿ ಮಣ್ಣು ಮಾಡಿದರು. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಮರಳಿ ಬಂದ ನನ್ನವರನ್ನು ಆಪಾ ಬಾಗಿಲ ಮರೆಯಿಂದ ಕೇಳಿದರು: "ಗುರುತಿಗೆ ಎಂತ ಇಟ್ಟರು?"

"ಒಂದು ಕಲ್ಲು, ಆಪಾ. ಅಲ್ಲಿ ಎಲ್ಲರಿಗೂ ಅಷ್ಟೇ."

ಗಂಡನ ವಾಸದ ಪರವಾನಗಿ, ಆ ಇಕಾಮಾದ ಮೇಲೆ ಬದುಕುತ್ತಿದ್ದವರು ಗಂಡನಿಲ್ಲದೆ ಅಲ್ಲಿ ಉಳಿಯುವುದು ಹೇಗೆ? ಗಂಡ ತೀರಿದವಳು ಹೊರಗೆ ಹೋಗದೆ ಇರಬೇಕಾದ ಇದ್ದತ್‌ನ ತಿಂಗಳುಗಳನ್ನು ಮನೆಯೊಳಗೆ ಕಳೆದು ಆಪಾ ಭಟ್ಕಳದ ಮಗಳ ಮನೆಗೆ ಹೊರಟರು. ಕುಂಡಗಳನ್ನು ನನಗೆ ಬಿಟ್ಟರು. ನಾವು ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗುವಾಗ ಕಾರು ಖಬರಸ್ಥಾನದ ಗೋಡೆಯ ಪಕ್ಕದಲ್ಲೇ ಹಾದುಹೋಯಿತು. ಗೋಡೆ ಮುಗಿಯುವ ತನಕ ಅವರು ಗಾಜಿನಿಂದ ಮುಖ ತಿರುಗಿಸಲಿಲ್ಲ. ಮುಂದೆ ನಮಗೂ ಜಿದ್ದಾಕ್ಕೆ ವರ್ಗವಾಯಿತು; ಕುಂಡಗಳನ್ನು ಮನೆಗೆ ಬಂದ ಹೊಸಬರಿಗೆ ಒಪ್ಪಿಸಿ ಬಂದೆ.

ಇವತ್ತು ಬೆಳಿಗ್ಗೆ ಮನಸ್ಸು ತಡೆಯದೆ ಆಪಾಗೆ ಫೋನು ಮಾಡಿದೆ. ಗಿಡಗಳ ಬಗ್ಗೆ ಕೇಳುತ್ತಾರೆಂದುಕೊಂಡಿದ್ದೆ.

"ಹಾಯಿಲ್‌ನಲ್ಲಿ ಈಗ ಎಷ್ಟು ಚಳಿ ಉಂಟು? ನಿನ್ನ ಫೋನಿನಲ್ಲಿ ಗೊತ್ತಾಗ್ತದಂತಲ್ಲ, ನೋಡಿ ಹೇಳು."

ನೋಡಿದೆ. ಸೊನ್ನೆಗೆ ಇಳಿದಿತ್ತು. ಹೇಳಿದೆ.

ಆಮೇಲೆ, "ಇವರಿಗೆ ಕಾಲು ಬೇಗ ತಣ್ಣಗಾಗ್ತಿತ್ತು" ಎಂದರು.

"ಈಗ ಅಲ್ಲಿ ಬಿಸಿಲು ಬರ್ತಾ ಉಂಟು, ಆಪಾ" ಎಂದೆ. ನಾನೂ ಫೋನು ಇಡಲಿಲ್ಲ, ಅವರೂ ಇಡಲಿಲ್ಲ.