ರಾಜನ ತಲೆ ಹಿಡಿಯುವವರು
ನಮ್ಮ ನಾಟಕ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಸೈನಿಕನ ಪಾತ್ರವನ್ನೇ ಮಾಡುತ್ತ ಬಂದವರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಸೈನಿಕಣ್ಣ ಎಂದೇ ಕರೆಯುತ್ತೇವೆ. ದುರಂತ ನಾಟಕ ಯಾವುದೇ ಇರಲಿ, ಕೊನೆಗೆ ರಾಜ ಸಾಯುತ್ತಾನೆ, ಅವನ ಹೆಣವನ್ನು ನಾಲ್ವರು ಹೊತ್ತೊಯ್ಯುತ್ತಾರೆ, ತಲೆಯ ಕಡೆ ಹಿಡಿಯುವವರು ಇವರೇ. ರಂಗದ ಮೇಲೆ ಒಂದು ಮಾತೂ ಇಲ್ಲ, ಪರದೆಯ ಹಿಂದೆ ಬಾಯಿಗೆ ಬಿಡುವಿಲ್ಲ. ಸೊಂಟದ ಪಟ್ಟಿ ಬಿಗಿಯುತ್ತ ಹೊಸಬರಿಗೆ ಪಾಠ ಶುರುಮಾಡುತ್ತಾರೆ: "ಈ ರಾಜ ಅನ್ನೋನು ಸಿಂಹಾಸನ ಬೇಕು ಅಂತ ಒಡಹುಟ್ಟಿದವನನ್ನೇ ಮುಗಿಸ್ತಾನೆ, ಆಮೇಲೆ ಬಾಗಿಲು ಸದ್ದಾದ್ರೂ ಬೆಚ್ಚಿಬೀಳ್ತಾನೆ. ಯಾರಿಗೆ ಬೇಕಿತ್ತು ಈ ಉಸಾಬರಿ? ನನ್ನ ನೋಡಿ, ಈಟಿ ಹಿಡ್ಕೊಂಡು ನಿಂತ್ಕೋತೀನಿ, ಮನೆಗೆ ಹೋಗಿ ಗೊರಕೆ ಹೊಡೀತೀನಿ." ಪಾಠದ ಕೊನೆಯ ಮಾತೂ ಬದಲಾಗುವುದಿಲ್ಲ: "ಹನ್ನೊಂದು ಜನ ರಾಜರನ್ನ ಹೊತ್ತಿದೀನಿ, ಒಬ್ಬನೂ ಸತ್ತ ಮೇಲೆ ಸುಮ್ನೆ ಬಿದ್ದಿರಲಿಲ್ಲ. ಮುಖಕ್ಕೆ ಬೆಳಕು ಬೀಳ್ಲಿ ಅಂತ ಮೆಲ್ಲಗೆ ಕತ್ತು ತಿರುಗಿಸ್ತಾರೆ! ತಲೆ ನನ್ನ ಕೈಯಲ್ಲೇ ಇರುತ್ತಲ್ಲ, ನನಗೆ ಗೊತ್ತಾಗಲ್ವಾ?" ರಾಜನ ಪಾತ್ರ ಖಾಲಿಯಾದಾಗಲೆಲ್ಲ, ನಿರ್ದೇಶಕರು ಇವರತ್ತ ನೋಡಿಯೂ ಇರುವುದಿಲ್ಲ, ಇವರೇ ಕೈಯಲ್ಲಾಡಿಸಿ "ನನ್ನನ್ನಂತೂ ಕೇಳ್ಲೇಬೇಡಿ" ಎನ್ನುತ್ತಾರೆ. ಕಳೆದ ಭಾನುವಾರ, ಅವರ ಮನೆಯಲ್ಲಿ ಮರೆತುಬಂದಿದ್ದ ಕೊಡೆ ತರಲು ಹೋದೆ. ಅವರ ಹೆಂಡತಿ ಬಾಗಿಲು ತೆರೆದವರೇ ತುಟಿಯ ಮೇಲೆ ಬೆರಳಿಟ್ಟು, "ಸ್ವಲ್ಪ ತಡೀರಿ, ಸಾಯ್ತಾ ಇದಾರೆ. ರಜಾ ದಿನ ಬಂತು ಅಂದ್ರೆ ಇದು ಇದ್ದದ್ದೇ" ಎಂದರು. ಒಳಗೆ ನಡುಮನೆಯ ಚಾಪೆಯ ಮೇಲೆ ಸೈನಿಕಣ್ಣ ಎದೆಗೆ ಕೈಯೊತ್ತಿ, ಉಸಿರು ಬಿಗಿಹಿಡಿದು, ಅಂಗಾತ ಬಿದ್ದಿದ್ದರು. ನಾನು ನೋಡುತ್ತಿದ್ದ ಹಾಗೆಯೇ ಅವರ ಕತ್ತು ಮೆಲ್ಲಗೆ ಕಿಟಕಿಯ ಬೆಳಕಿನ ಕಡೆಗೆ ಹೊರಳಿತು.