ಬ್ಯಾಟರಿ ಗದ್ದೆಪ್ಪ

ನಮ್ಮ ಓಣ್ಯಾಗ ಬರೇ ಗದ್ದೆಪ್ಪ ಅಂದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ, ಬ್ಯಾಟರಿ ಗದ್ದೆಪ್ಪ ಅನ್ನಬೇಕು. ದೇವದುರ್ಗದಾಗ ಅವನ ಅಣ್ಣನ ಮಗ ದುರುಗೇಶನ ಮನಿಗೂ ನನ್ನ ಮಿರ್ಚಿ ಬಂಡಿಗೂ ನಡುವ ಒಂದು ಗಟಾರ ಅಷ್ಟ. ಆ ಮನ್ಯಾಗ ಯಾರು ಉಂಡ್ರು, ಯಾರಿಗೆ ಬಡಿಸಲಿಲ್ಲ, ಎಲ್ಲಾ ನನಗ ಕಾಣ್ತದ. ನಾ ಕರೆಮ್ಮ. ಹೊಟ್ಟಿ ಉರಿದು ಹೇಳಾಕತ್ತೀನಿ.

ವಯಸ್ಸಿನಾಗ ಅವ ಲೈನ್‌ಮನ್ ಮಂದಿ ಹಿಂದ ಕೂಲಿಗೆ ಹೋಗ್ತಿದ್ದ. ಕಂಬದ ಮ್ಯಾಲಿಂದ ಬಿದ್ದು ಸೊಂಟ ಹೋತು, ಅದರ ಹಿಂದ ಮದುವಿ ಮಾತೂ ಹೋತು. ಅಣ್ಣ ಇರೋತನಕ ತುತ್ತಿಗೆ ಕೊರತಿ ಆಗಲಿಲ್ಲ. ಅಣ್ಣ ಸತ್ತ ಮ್ಯಾಲ ದುರುಗೇಶನ ಹೆಂಡ್ತಿ ಮಲ್ಲಿಕಾ ಅವನ ಅನ್ನದ ಗಂಗಾಳ ಕುಕ್ಕಿ ಇಡಾಕ ಶುರು ಮಾಡಿದ್ಲು. ಅಷ್ಟರಾಗ ದುರುಗೇಶ ಮಾಳಿಗಿ ಮ್ಯಾಲ ಸೋಲಾರ್ ಹಾಕ್ಸಿದ, ಅಲ್ಲೇ ತಗಡಿನ ಶೆಡ್ಡಿನಾಗ ನಾಲ್ಕು ದೊಡ್ಡ ನೀರಿನ ಬ್ಯಾಟರಿ ಬಂದ್ವು. ಗದ್ದೆಪ್ಪಣ್ಣಗ ಕೆಲಸ ಸಿಕ್ತು. ಡಿಸ್ಟಿಲ್ಡ್ ವಾಟರ್ ಹಾಕೋದು, ವಾಯರ್ ಕೂಡೋ ತುದಿಗೆ ಕಟ್ಟಿದ ಬಿಳಿ ಪುಡಿ ಬಿಸಿನೀರಾಗ ತೊಳಿಯೋದು, ವ್ಯಾಸಲೀನ್ ಹಚ್ಚೋದು. ಆ್ಯಸಿಡ್ ಸಿಡಿದು ಲುಂಗಿ ತುಂಬ ತೂತು. "ನಾ ಇಲ್ಲಾಂದ್ರ ಆ ಮನಿ ಕತ್ತಲಿ" ಅಂತ ನನ್ನ ಬಂಡಿ ಮುಂದ ನಿಂತು ಜಂಬ ಕೊಚ್ಚಿಕೊಳ್ಳಾಂವ. ಕೊಚ್ಚಿಕೊಳ್ಳಲಿ ಬಿಡ್ರಿ. ಆ ಕೆಲಸ ಇತ್ತಂತ ಅವಂಗ ಅನ್ನ ಇತ್ತು, ಹಿಂದಿನ ತಂಪನೆ ಕೋಣ್ಯಾಗ ಒಂದು ಮಂಚ ಇತ್ತು.

ಹೋದ ವರ್ಷ ಆ ಬ್ಯಾಟರಿ ಸೋತ್ವು. ಗಂಡ-ಹೆಂಡ್ತಿ ಇಬ್ರೂ ಗದ್ದೆಪ್ಪಣ್ಣನ್ನ ಕರ್ಕೊಂಡು ಹೊಸಾವು ನೋಡಾಕ ರಾಯಚೂರಿಗೆ ಹೊಂಟ್ರು. ನಾನೂ ಕಣ್ಣು ತೋರಿಸಾಕ ಅದೇ ಗಾಡ್ಯಾಗ ಹೋಗಿದ್ದೆ. ಅಂಗಡಿ ಶೇಷಗಿರಿ ಅವರು ಎರಡೂ ತರದ್ದು ತೋರಿಸಿದ್ರು. ನೀರಿನ ಬ್ಯಾಟರಿ ಆದ್ರ ಮೂರ್ನಾಲ್ಕು ವರ್ಷ, ಅದನ್ನ ಪೂರಾ ಖಾಲಿ ಮಾಡೋ ಹಂಗಿಲ್ಲ, ಅರ್ಧ ಉಳಿಸಬೇಕು. ಲೀಥಿಯಂ ಆದ್ರ ಗ್ವಾಡಿಗೆ ಹಾಕಿ ಹತ್ತು ವರ್ಷ ಮರೆತುಬಿಡ್ರಿ, ಕೂಲರ್ ಸೈತ ಎಳಿತದ ಅಂದ್ರು.

ಗದ್ದೆಪ್ಪಣ್ಣನ ಮುಖ ಸುಟ್ಟ ಬದನಿಕಾಯಿ ಆತು. "ಲೀಥಿಯಂ ಸಿಡಿತದಲ್ರೀ, ಮೊಬೈಲ್ ಸಿಡಿಯಂಗಿಲ್ಲೇನು?" ಅಂದ. "ಅದು ಬ್ಯಾರೆ ತರದ್ದು. ಇದು ಫಾಸ್ಫೇಟಿಂದು, ಹಂಗ ಉರಿಯಂಗಿಲ್ಲ" ಅಂದ್ರು ಶೇಷಗಿರಿ. "ಹಳೇ ತರದ್ದು ಕೆಟ್ರ ಗುಜರಿಯಾಗ ಸೀಸದ ಬೆಲಿಗಾದ್ರೂ ಹೋಗ್ತದ, ಇದನ್ನ ಯಾರು ತಗೋತಾರ?" ಅಂದ. ಮಲ್ಲಿಕಾ ನಕ್ಲು.

"ಮಾವನವರಿಗೆ ಬ್ಯಾಟರಿ ಚಿಂತಿ ಅಲ್ರೀ, ತಮ್ಮ ಗಂಗಾಳದ ಚಿಂತಿ" ಅಂದ್ಲು.

ಅಂಗಡ್ಯಾಗ ಇದ್ದವರೆಲ್ಲ ನಕ್ರು. ದುರುಗೇಶನೂ ನಕ್ಕ. ಆಕಿ ಬಾಯಾಗ ಕುದಿಯೋ ಎಣ್ಣಿ ಹೊಯ್ಯಬೇಕು ಅನ್ನಿಸ್ತು ನನಗ.

ಶಿವರಾತ್ರಿ ಮುಗಿದ ಮ್ಯಾಲ ಮಾನ್ವಿಯಿಂದ ಫಿಟ್ಟರ್ ಜಹೀರ್ ಲೀಥಿಯಂ ತಂದ. ಶೆಡ್ ನೋಡಿ ತಲಿ ಅಲ್ಲಾಡಿಸಿದ. "ಈ ತಗಡಿನ ಕೆಳಗ ಇದು ನಡಿಯಂಗಿಲ್ರೀ. ನಮ್ಮ ಬ್ಯಾಸಿಗಿಗೆ ಕಾವು ಏರಿ ತಾನೇ ಬಂದ್ ಆಗ್ತದ. ಮನಿ ಒಳಗ ತಂಪು ಜಾಗಾ ತೋರಿಸ್ರಿ." ಪಡಸಾಲಿ ಗ್ವಾಡಿಯೂ ತಂಪೇ ಇತ್ತು. ಅಲ್ಲಿ ಟಿವಿ ಅದ, ಚಂದ ಕಾಣಂಗಿಲ್ಲ ಅಂತ ಮಲ್ಲಿಕಾ ಹಿಂದಿನ ಕೋಣಿ ತೋರಿಸಿದ್ಲು.

"ಅಲ್ಲಿ ಕಾಕಾ ಮಲಗ್ತಾರಲ್ರೀ" ಅಂದ ಜಹೀರ್.

"ಮಾವಾ, ಶೆಡ್ಡು ಖಾಲಿ ಆತಲ್ರೀ. ನಿಮಗ ಅಲ್ಲಿ ರೂಢಿನೂ ಅದ" ಅಂದ್ಲು ಆಕಿ. ರೀ ಹಚ್ಚೇ ಅಂದ್ಲು. ದುರುಗೇಶ ಮೊಬೈಲ್ ನೋಡಾಕತ್ತಿದ್ದ. ಎದುರಾಡಿದ್ರ ಶೆಡ್ಡೂ ಕಸಗೊಂಡಾರು ಅಂತ ಗದ್ದೆಪ್ಪಣ್ಣ ಅಂಜಿದ್ದ. ತಾನೇ ಹಾಸಿಗಿ ಸುತ್ತಿಕೊಂಡು ಮೆಟ್ಟಲ ಹತ್ತಿದ.

ಮೇ ತಿಂಗಳು ಬಂತು. ಬ್ಯಾಟರಿಗೆ ಕಾವು ಏರಬಾರದು ಅಂತ ದುರುಗೇಶ ಕೋಣ್ಯಾಗ ಒಂದು ಟೇಬಲ್ ಫ್ಯಾನ್ ಇಟ್ಟ. "ಮ್ಯಾಲಕ್ಕೂ ಒಂದು ವಾಯರ್ ಎಳಿಯೋ, ಮುದುಕ ಬೇಯಾಕತ್ತಾನ" ಅಂತ ನಾ ಅಂದ್ರ "ನೋಡೋಣ ತಗೋ ಅಕ್ಕಾ" ಅಂದ. ನೋಡಲಿಲ್ಲ ಭಾಡ್ಯಾ.

ಒಂದು ಮಧ್ಯಾಹ್ನ ಶೆಡ್ಡಿಗೆ ಮಜ್ಜಿಗಿ ಒಯ್ದೆ. ಗದ್ದೆಪ್ಪಣ್ಣ ನೀರಾಗ ಅದ್ದಿದ ಟವೆಲ್ ಎದಿ ಮ್ಯಾಲ ಹಾಕ್ಕೊಂಡು ಬಿದ್ದಿದ್ದ. ಟವೆಲ್ ಒಣಗಿ ಹಪ್ಪಳ ಆಗಿತ್ತು, ಮೈ ಹಂಚಿನಂಗ ಸುಡ್ತಿತ್ತು. ತಲಿ ತೊಡಿ ಮ್ಯಾಲ ಇಟ್ಟುಕೊಂಡು ಒದರಿದೆ. ಮಲ್ಲಿಕಾ ಬಂದು ಮಾಳಿಗಿ ಮ್ಯಾಲ ಒಂದು ಹೆಜ್ಜಿ ಇಟ್ಲು, ಕಾಲು ಸುಡ್ತದ, ಚಪ್ಪಲಿ ಹಾಕ್ಕೊಂಡು ಬರ್ತೀನಿ ಅಂತ ತಿರುಗಿ ಇಳಿದ್ಲು. ಆಕಿ ಚಪ್ಪಲಿ ಮೆಟ್ಟಿ ಬರೋದ್ರಾಗ ಅವನ ಉಸಿರು ನಿಂತಿತ್ತು.

ಪಡಸಾಲ್ಯಾಗ ಹೆಣ ಕೂಡಿಸಿದ್ರು. ಊರಾಗ ಕರೆಂಟ್ ಇರಲಿಲ್ಲ, ಆ ಮನ್ಯಾಗ ಫ್ಯಾನು, ಕೂಲರು ಎಲ್ಲಾ ತಿರುಗಾಕತ್ತಿದ್ವು. ಮಣ್ಣಿಗೆ ಬಂದ ಬೀಗರು ಹೆಣದ ಮುಂದ ಒಂದು ಗಳಿಗಿ ಕುಂತು, ಒಬ್ಬೊಬ್ಬರೇ ಎದ್ದು ಹಿಂದಿನ ಕೋಣಿಗೆ ಹೋಗಿ ಗ್ವಾಡಿ ಮ್ಯಾಲಿನ ಡಬ್ಬಿ ನೋಡಿ ಬರಾಕತ್ರು. ಛಲೋ ಅದಲ್ಲೋ, ಯಾವುದಿದು ಅಂತ ಒಬ್ಬ ಹಿರ್ಯಾ ಕೇಳಿದ. ದುರುಗೇಶ ಮೂಗು ಒರೆಸಿಕೊಂಡ.

"ಲೀಥಿಯಂ, ಮಾವಾ. ಇದನ್ನ ನೋಡಿಕೊಳ್ಳಾಕ ಮನ್ಯಾಗ ಯಾರೂ ಬೇಕಾಗಂಗಿಲ್ಲ" ಅಂದ.